ಉಜ್ಜಿಕೊಂಡು ಬಂದ ಕಾಲು

ರಾಯಚೂರಿನ ಸೌಂದರ್ಯ ಸಾಮಗ್ರಿಗಳ ಸಗಟು ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಮಾನ್ವಿ, ದೇವದುರ್ಗದ ಪಾರ್ಲರ್‌ಗಳಿಗೆ ಬೈಕಿನಲ್ಲಿ ಸ್ಕ್ರಬ್, ಲೋಷನ್ ಮುಟ್ಟಿಸುತ್ತೇನೆ. ಕಾಲಿನ ಸತ್ತ ಚರ್ಮ ತೆಗೆದು ನುಣುಪು ಮಾಡುವ ಬಗ್ಗೆ ಹತ್ತು ನಿಮಿಷ ನಿಲ್ಲದೆ ಮಾತಾಡಬಲ್ಲೆ. ನನ್ನ ಕಾಲು ಮಾತ್ರ ಯಾರೂ ನೋಡಬಾರದು.

ಅಕ್ಕ ಕಲ್ಯಾಣಿಗೆ ಈ ಮಾತುಗಾರಿಕೆ ಇಲ್ಲ. ಮಸರಕಲ್‌ನಲ್ಲಿ ಅವ್ವನ ಜೊತೆ ಭತ್ತ ನಾಟಿ ಮಾಡುತ್ತ ಬೆಳೆದವಳು. ಕೆಸರಲ್ಲಿ ನಿಂತ ಕಾಲು ಹೇಗೆ ಒರಟಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಾಯಚೂರಿನ ಪಾರ್ಲರ್ ಒಂದರಲ್ಲಿ ಆರು ವರ್ಷ ದುಡಿದು, ಆ ಕೆಲಸ ಬಿಟ್ಟು, ಪೋತ್ನಾಳದಲ್ಲಿ ತನ್ನದೇ ಪಾರ್ಲರ್ ತೆರೆದಳು. ಹುಬ್ಬು ತೀಡಿಸಲು ಹುಡುಗಿಯರು ಬಂದರು. ನಾಟಿಯ ಹೆಂಗಸರೂ ಬರಲಿ ಎಂಬುದು ಅವಳ ಆಸೆ. ಅವರು ಬಾಗಿಲ ತನಕ ಬಂದು, ಹೊಳೆಯುವ ನೆಲ ನೋಡಿ ಹಿಂದಿರುಗುತ್ತಿದ್ದರು.

ಎರಡು ತಿಂಗಳಾದ ಮೇಲೆ ಅವರಲ್ಲಿ ಯಶೋದಾ ಎಂಬಾಕೆ ಒಳಗೆ ಬಂದಳು. ಮಗಳ ಮದುವೆಗೆ ಹದಿನೈದು ದಿನವಿತ್ತು; ಕಾಲು ನುಣುಪು ಮಾಡಿಸಿಕೊಳ್ಳಬೇಕಿತ್ತು. ಪರದೆಯ ಈಚೆ ನಾನು ಡಬ್ಬಿ ಜೋಡಿಸುತ್ತಿದ್ದೆ.

"ಯಕ್ಕಾ, ಕಾಲು ಯಾಕ ಇಷ್ಟು ಕೆಂಪಾಗ್ಯಾವ್ರಿ?" ಅಕ್ಕ ಕೇಳಿದಳು.

"ಇಟ್ಟಂಗಿ ಚೂರ್ಲೆ ತಿಕ್ಕೊಂಡು ಬಂದೀನವ್ವಾ. ಹೊಲಸು ಕಾಲು ಇನ್ನೊಬ್ಬರ ಕೈಯಾಗ ಹೆಂಗ ಇಡ್ಲಿ?"

"ಚಲೋ ಆತು, ಅರ್ಧ ಕೆಲಸ ಆಗೇದ. ಲೋಷನ್ ಹಚ್ಚಕ್ಕಾ," ಎಂದೆ ನಾನು.

"ನೀ ಸುಮ್ಮನಿರಲೇ. ಸುಲಿದ ಚರ್ಮಕ್ಕ ಹಚ್ಚಿದ್ರ ಬೆಂಕಿ ಬಿದ್ದಂಗ ಆಗ್ತದ." ಆಮೇಲೆ ಯಶೋದಾಗೆ, "ಇವತ್ತು ಮಾಡಂಗಿಲ್ರಿ ಯಕ್ಕಾ. ಕೊಬ್ರಿ ಎಣ್ಣಿ ಹಚ್ಕೋರಿ, ವಾರ ಬಿಟ್ಟು ಬರ್ರಿ. ತಿಕ್ಕೊಂಡು ಬರಬ್ಯಾಡ್ರಿ. ಕೆಸರಿದ್ರ ಇರ್ಲಿ, ತೊಳ್ಯಾಕ ನಾ ಅದೀನಿ."

ಯಶೋದಾ ಮುಖ ಸಣ್ಣದು ಮಾಡಿಕೊಂಡು ಹೋದಳು.

"ಬಂದ ಒಬ್ಬಾಕಿನ್ನೂ ಓಡಿಸಿದಿ," ಎಂದೆ.

ಅವಳದೇ ತಪ್ಪೆಂದು ತೋರಿಸಲು ಮನೆಯಲ್ಲಿ ನಾನೇ ಇಟ್ಟಿಗೆ ಚೂರಿನಿಂದ ಕಾಲುಜ್ಜಿ ಲೋಷನ್ ಹಚ್ಚಿಕೊಂಡೆ. ಮರುದಿನ ನಾನು ಕುಂಟುವುದನ್ನು ನೋಡಿ ದೇವದುರ್ಗದ ಗಿರಾಕಿಗಳು ಬೈಕಿಂದ ಬಿದ್ದೆಯಾ ಎಂದು ಕೇಳಿದರು. ಹೌದೆಂದೆ.

ಆ ವಾರವೆಲ್ಲ ಬಾಗಿಲು ಸದ್ದಾದಾಗಲೆಲ್ಲ ಅಕ್ಕ ಎದ್ದು ನಿಲ್ಲುತ್ತಿದ್ದಳಂತೆ. ಒಂಬತ್ತನೇ ದಿನ ನಾನು ಸರಕು ತಂದಾಗ ಯಶೋದಾ ಕುರ್ಚಿಯಲ್ಲಿದ್ದಳು. ಅವಳ ಕಾಲು ಬೆಚ್ಚನೆ ನೀರಿನಲ್ಲಿತ್ತು, ನೀರು ಕೆಸರಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು. ನಾಟಿ ಗುಂಪಿನ ಇಬ್ಬರು ಗೋಡೆಗೆ ಒತ್ತಿ ನಿಂತಿದ್ದರು.

"ನಾಚಿಕಿ ಆಗ್ತದ ಬೇ," ಎಂದಳು ಒಬ್ಬಳು.

"ಈಕಿ ಮುಂದ ಎಂಥಾ ನಾಚಿಕಿ? ಈಕೀನೂ ನಮ್ಮಂಗ ಕೆಸರಾಗ ನಿಂತಾಕಿ," ಎಂದಳು ಯಶೋದಾ.

ಅಕ್ಕ ತಲೆಯೆತ್ತದೆ ಹೇಳಿದಳು: "ಗೌತಮಾ, ಬಾಜೂಕಿನ ಚಾದಂಗಡ್ಯಾಗ ಎರಡು ಕುರ್ಚಿ ಇಸ್ಕೊಂಡು ಬಾ."

ಹೊರಗೆ ಇನ್ನೊಬ್ಬಳು ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದಳು. "ಹೋಗ್ರಿ ಒಳಗ," ಎಂದೆ. ಚಾದಂಗಡಿಯಲ್ಲಿ ಮೂರು ಕುರ್ಚಿ ಕೇಳಿದೆ.