ನಾನು ನುಂಗಿದ ಧೈವತ

ಮೊನ್ನೆ ಉಣ್ಣೆಯ ಶಾಲು ತೆಗೆಯಲೆಂದು ಟ್ರಂಕಿನ ಮುಚ್ಚಳ ಎತ್ತಿದೆ. ಡಾಂಬರ ಗುಳಿಗೆಯ ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ಉಳಿದವರಿಗೆ ಆ ವಾಸನೆಯಿಂದ ಮದುವೆಯ ಸೀರೆಯೋ ಚಳಿಗಾಲವೋ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಜಮಖಂಡಿಯ ನಮ್ಮ ಹೆಣ್ಣುಮಕ್ಕಳ ಶಾಲೆಯ ಪಿಯಾನೋದ ಹೊಟ್ಟೆಯೊಳಗೆ ನುಸಿ ಹಿಡಿಯದಿರಲೆಂದು ಇದೇ ಗುಳಿಗೆಗಳನ್ನು ಮುಷ್ಟಿಗಟ್ಟಲೆ ಸುರಿಯುತ್ತಿದ್ದರು. ಸುರಿಯುತ್ತಿದ್ದವರು ನಮ್ಮ ಸಂಗೀತ ಮಾಸ್ತರರು. ಅವರು ಹೋಗಿ ಎಷ್ಟೋ ವರ್ಷಗಳಾದವು. ಸಿಟ್ಟು ಹೋಗಿಲ್ಲ.

ಮಾಸ್ತರರು ಮೊದಲು ಸಂಸ್ಥಾನದ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದರು. ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿದ ಮೇಲೆ ಬ್ಯಾಂಡು ಮುರಿಯಿತು. ಬ್ಯಾಂಡಿನವರಲ್ಲಿ ಹಲವರು ಹೊಲಕ್ಕೆ ಹೋದರು, ಕೆಲವರು ಬನಹಟ್ಟಿಯ ಮಗ್ಗಗಳಿಗೆ ಹೋದರು. ಇವರಿಗೆ ನಮ್ಮ ಶಾಲೆಯಲ್ಲಿ ನೌಕರಿ ಸಿಕ್ಕಿತು. ಅಧಿಕಾರಿಗಳ ಕ್ಲಬ್ಬಿನಲ್ಲಿ ಧೂಳು ತಿನ್ನುತ್ತಿದ್ದ ಪಿಯಾನೋ ಕೂಡ ಎತ್ತಿನ ಬಂಡಿಯಲ್ಲಿ ಅವರ ಹಿಂದೆಯೇ ಬಂತು.

ಬೆಳಿಗ್ಗೆ ಆರೂವರೆಗೆ ನಾನು ಶಾಲೆಯ ಬಾಗಿಲಲ್ಲಿರಬೇಕು. ಮೊದಲು ಉಗುರಿನ ತಪಾಸಣೆ. ಆಮೇಲೆ ಪಾಟಿಯ ಮೇಲೆ ಐದು ಗೆರೆ ಎಳೆದು, ಅವರು ಹಾಡಿದ ಸ್ವರಗಳನ್ನು ಆ ಗೆರೆಗಳಲ್ಲಿ ಕೂರಿಸಬೇಕು. ಬಾಲವಿರುವ ತುಂಬಿದ ಗುಂಡಿಗೆ ಒಂದು ಮಾತ್ರೆ, ಬಾಲವಿರುವ ಖಾಲಿ ಗುಂಡಿಗೆ ಎರಡು. ಅದಾದ ಮೇಲೆ ಪಿಯಾನೋ. ಅಂಗೈಯ ಹಿಂಬದಿಯ ಮೇಲೆ ಒಂದೊಂದು ಹುಣಸೆ ಬೀಜ ಇಟ್ಟುಕೊಂಡು ಸ್ವರಗಳನ್ನು ಹತ್ತು ಸಲ ಏರಿಸಿ ಇಳಿಸಬೇಕು. ಬೀಜ ಬಿದ್ದರೆ ಮತ್ತೆ ಒಂದರಿಂದ. ಈ ಶಿಸ್ತಿನ ಬಗ್ಗೆ ನನ್ನ ತಕರಾರಿಲ್ಲ. ನಾನು ಇಂದಿಗೂ ಐದಕ್ಕೆ ಏಳುವುದು ಅವರಿಂದಲೇ. ತಕರಾರು ಬೇರೆ.

ಪಿಯಾನೋ ಬಂದಾಗ ಅದರ ತಂತಿಗಳೆಲ್ಲ ಸಡಿಲಾಗಿದ್ದವು. ಸುರ ಹಚ್ಚುವವರು, ಅಂದರೆ ಶ್ರುತಿ ಮಾಡುವವರು, ಮುಂಬೈಯಿಂದ ಬರಬೇಕಿತ್ತು. "ಮುಂಬೈದವರು ಯಾಕ ಬೇಕ್ರಿ ಬಾಯಾರ? ನಾ ಇಲ್ಲೇನು?" ಎಂದು ಮಾಸ್ತರರು ಹೆಡ್‌ಮಿಸ್ಟ್ರೆಸ್ ಮುಂದೆ ಎದೆ ಉಬ್ಬಿಸಿದರು. ಅವರಿಗೆ ಆ ಕೆಲಸ ಗೊತ್ತಿರಲಿಲ್ಲ. ನಾಟಕದ ಕಂಪನಿಗಳ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುವವನೊಬ್ಬನನ್ನು ರಬಕವಿಯಿಂದ ಕರೆಸಿದರು. ಅವನು ಮೂರು ದಿನ ತಂಬೂರಿ ಮೀಟಿಸಿಕೊಳ್ಳುತ್ತ, ಒಂದೊಂದೇ ತಂತಿಯನ್ನು ಅದಕ್ಕೆ ಹೊಂದಿಸಿ ಬಿಗಿದ. ಸಾ ಸ್ವರದಿಂದ ಎದ್ದ ಹಾಡು ನುಡಿಸಿದರೆ ಕಬ್ಬಿನ ಹಾಲು ಕುಡಿದ ಹಾಗೆ ಇರುತ್ತಿತ್ತು. ಊರಿನವರು ಬಂದು ಕೇಳಿ ತಲೆದೂಗಿದರು. ಹೊರಡುವಾಗ ಪೇಟಿಯವನು ಮಾಸ್ತರರನ್ನು ಪಡಸಾಲೆಗೆ ಕರೆದು ಏನೋ ಹೇಳಿದ. ನನಗೆ ಕೇಳಿಸಲಿಲ್ಲ.

ಎರಡು ವರ್ಷದ ಮೇಲೆ ಬೆಳಗಾವಿಯಲ್ಲಿ ಮೊದಲ ದರ್ಜೆಯ ಪಿಯಾನೋ ಪರೀಕ್ಷೆಗೆ ನನ್ನ ಹೆಸರು ಹೋಯಿತು. ಕಚೇರಿಯಲ್ಲಿ ಕಾರಕೂನರಾಗಿದ್ದ ಅಪ್ಪ ಊಟಕ್ಕೆ ಕೂತು ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದರು. "ಪಾಸ್ ಆದ್ರ ಪುಣೇಕ್ಕ ನಿಮ್ಮತ್ತಿ ಮನಿಗೆ ಕಳಸ್ತೇನಿ, ಸಂಗೀತ ಕಲ್ತು ಮಾಸ್ತರ್‍ಕಿ ಮಾಡು. ನಪಾಸ್ ಆದಿ, ಅಲ್ಲಿಗೆ ಆತು."

"ರೊಟ್ಟಿ ಬಡಿ ಅಂದ್ರ ಬೆರಳ ನೋಯ್ತಾವಂತ ಇಕಿಗೆ. ಆ ಪೆಟಗಿ ಬಡ್ಯಾಕ ಮಾತ್ರ ಜೀವ ಬರ್ತೈತಿ," ಎಂದು ಅವ್ವ ನಕ್ಕಳು.

ಪರೀಕ್ಷೆಗೆ ಮೂರು ಪಾಠಗಳು. ಯುರೋಪಿನ ಮಕ್ಕಳು ಮೊದಲು ಕಲಿಯುವ ಚಿಕ್ಕ ನೃತ್ಯದ ಗತ್ತುಗಳು. ಎರಡು ಸಾದಿಂದ ಎದ್ದವು, ಸಲೀಸು. ಮೂರನೆಯದು ರೇಯಿಂದ ಏಳುತ್ತಿತ್ತು. ಅದರಲ್ಲಿ ಎಡಗೈ ಉದ್ದಕ್ಕೂ ರೇ ಮತ್ತು ಧ ಎರಡನ್ನೂ ಕೂಡಿಸಿ ಒತ್ತಬೇಕು. ಒತ್ತಿದರೆ ಪಿಯಾನೋ ಮೈಮೇಲೆ ಬರುವ ನಾಯಿಯಂತೆ ಗುರ್ ಎನ್ನುತ್ತಿತ್ತು.

"ಸರ, ಇದು ಪಿಯಾನೋನ ಗುರ್ ಅನ್ನಾಕತ್ತೈತ್ರಿ," ಎಂದೆ.

"ಪಿಯಾನೋಕ್ಕ ಹೆಸರ ಇಡ್ತೀಯೇನ ಬೇ? ಗುರ್ ಅನ್ನೋದು ನಿನ್ನ ಬೆರಳು!" ರೂಲುದೊಣ್ಣೆ ಗೆಣ್ಣಿನ ಮೇಲೆ ಬಿತ್ತು. ಆಮೇಲೆ ದನಿ ಇಳಿಸಿ ಹೇಳಿದರು. "ಧ ಹಗೂರಕ ಮುಟ್ಟು. ಮುಟ್ಟಿದಂಗ ಇರಬೇಕು, ಕೇಳಿಸಬಾರದು."

ನಾಲ್ಕು ತಿಂಗಳು ಅದನ್ನೇ ಸಾಧಿಸಿದೆ. ದಿನವೂ ನಲವತ್ತು ಸಲ. ಕೊನೆಗೆ ನನ್ನ ಎಡಗೈ ಹೆಬ್ಬೆರಳು ಧೈವತವನ್ನು ಮುಟ್ಟುವಂತೆ ಕಾಣುತ್ತಿತ್ತು, ಒತ್ತುತ್ತಿರಲಿಲ್ಲ. ಮಾಸ್ತರರು "ಶಾಬ್ಬಾಸ್" ಎಂದರು…

ಬೆಳಗಾವಿಯ ಕಾನ್ವೆಂಟಿನಲ್ಲಿ ಪರೀಕ್ಷಕಿ, ಮುಂಬೈಯಿಂದ ಬಂದ ವಯಸ್ಸಾದ ಹೆಂಗಸು, ಮೊದಲು ಕೈ ಆಡಿಸಿಕೋ ಎಂದು ಸನ್ನೆ ಮಾಡಿದರು. ನಾನು ಹೆದರುತ್ತಲೇ ರೇ ಮತ್ತು ಧ ಎರಡನ್ನೂ ಜೋರಾಗಿ ಒತ್ತಿದೆ. ಗುರ್ ಎನ್ನಲಿಲ್ಲ. ಎರಡು ಸ್ವರ ಒಂದೇ ಉಸಿರಿನಲ್ಲಿ ನಿಂತವು. ಆ ಕ್ಷಣಕ್ಕೆ ನನಗೆ ಗೊತ್ತಾಯಿತು, ತಪ್ಪು ನನ್ನ ಬೆರಳಿನದಲ್ಲ.

ಗೊತ್ತಾಗಿ ಏನು ಪ್ರಯೋಜನ? ಮೂರನೆಯ ಪಾಠ ಶುರುವಾದ ಕೂಡಲೇ ಹೆಬ್ಬೆರಳು ತನ್ನ ರೂಢಿಗೆ ಬಿತ್ತು. ಧ ನುಂಗಿತು. ಪರೀಕ್ಷಕಿ ತಡೆದು ಆ ಸ್ವರ ಎಲ್ಲಿ ಎಂದು ಕೇಳಿದರು. ಮತ್ತೆ ನುಡಿಸಿದೆ, ಮತ್ತೆ ನುಂಗಿದೆ. ಮೂರು ಸಲ. ನನ್ನ ಕೈಯನ್ನು ನಾನೇ ನೋಡುತ್ತ ಕೂತಿದ್ದೆ, ಅದು ಇನ್ನೊಬ್ಬರ ಮಾತು ಕೇಳುತ್ತಿತ್ತು. ಸಂಜೆ ನಾಪಾಸಿನ ಚೀಟಿ ಕೈಗೆ ಬಂತು.

ಮಾಸ್ತರರ ಜೊತೆ ಬಸ್ಸಿನಲ್ಲಿ ಲೋಕಾಪುರದವರೆಗೆ ಬಂದೆ. ಅಲ್ಲಿ ಚಹಾಕ್ಕೆ ಬಸ್ಸು ನಿಂತಾಗ ನಾನೇ ಕೇಳಿದೆ. "ನಿಮಗ ಗೊತ್ತಿತ್ತೇನ್ರಿ?"

ಅವರು ಚಹಾದ ಕಪ್ಪುಬಸಿ ಕೆಳಗಿಟ್ಟರು. "ಪೇಟಿಯವ ಅವತ್ತ ಹೇಳಿದ್ದ. ಮಾಸ್ತರ್ರ, ಇದನ್ನ ತಂಬೂರಿಗೆ ಹಚ್ಚೇನಿ, ಸಾ ಬಿಟ್ಟು ಏಳಬ್ಯಾಡ್ರಿ, ಕೆಡತೈತಿ ಅಂತ."

ತಂಬೂರಿಗೆ ಶುದ್ಧವಾಗಿ ಹೊಂದಿಸಿದ ಸ್ವರಗಳು ಒಂದೇ ಸಾ ಸ್ವರಕ್ಕೆ ಒಗ್ಗುತ್ತವೆ. ಪಿಯಾನೋದಲ್ಲಿ ಯಾವ ಸ್ವರದಿಂದ ಎದ್ದರೂ ನಡೆಯಲೆಂದು ಪ್ರತಿಯೊಂದನ್ನೂ ಕೂದಲೆಳೆಯಷ್ಟು ಆಚೀಚೆ ಸರಿಸಿರುತ್ತಾರೆ. ಇಷ್ಟು ಪೇಟಿಯವನಿಗೆ ಗೊತ್ತಿತ್ತು, ಮಾಸ್ತರರಿಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಗೆಣ್ಣಿಗೆ ಹೊಡೆದಿದ್ದರು.

"ಹಂಗಾರ ನಮ್ಮಪ್ಪಗ ನೀವ ಹೇಳ್ರಿ," ಎಂದೆ.

"ಹೇಳ್ತೇನ್ವಾ. ನಾಳೆ ಮುಂಜಾನೆ ಬಂದು ನಾನ ಹೇಳ್ತೇನಿ."

ಬಂದರು. ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಅವರು ಚಹಾ ಕುಡಿದು, ಮೀಸೆ ಒರೆಸಿಕೊಂಡು, ಅಪ್ಪನಿಗೆ ಹೇಳಿದರು. "ಹುಡುಗಿ ಶಾಣ್ಯಾ ಅದಾಳ್ರಿ. ಆದ್ರ ಎಡಗೈಯಾಗ ದಮ್ ಕಮ್ಮಿ."

"ಇರ್‍ಲಿ ಬಿಡ್ರಿ ಮಾಸ್ತರ್ರ, ನೀವು ನಿಮ್ಮ ಕೈಲಾದಷ್ಟು ಮಾಡೀರಿ," ಎಂದು ಅಪ್ಪ ಅವರನ್ನೇ ಸಮಾಧಾನ ಮಾಡಿದರು.

ಮಾಸ್ತರರು ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿ ಹೋದರು. ನೌಕರಿಯ ಹೆದರಿಕೆ ಇದ್ದೀತು. ಒಂದು ಸಲ ಬ್ಯಾಂಡು ಮುರಿದು ಬೀದಿಗೆ ಬಿದ್ದ ಮನುಷ್ಯ. ಇದನ್ನು ನಾನು ನೂರು ಸಲ ಲೆಕ್ಕಕ್ಕೆ ಹಿಡಿದಿದ್ದೇನೆ, ನೂರು ಸಲವೂ ಸಾಲಲಿಲ್ಲ. ಅವರ ನೌಕರಿ ಉಳಿಯಿತು. ನನ್ನ ಪುಣೆ ಹೋಯಿತು. ಮತ್ತು ನಾನು, ಒಂದು ಮಾತೂ ಆಡದೆ, ಕಪ್ಪುಬಸಿ ಎತ್ತಿ ಒಳಗೆ ತೊಳೆಯಲು ಹೋದೆ. ಆ ಹುಡುಗಿಯ ಮೇಲೂ ನನಗೆ ಸಿಟ್ಟಿದೆ.

ಮುಂದೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ, ಮಗ್ಗಿ ಕಲಿಸಿದೆ. ಒಮ್ಮೆ ತೇರದಾಳದ ಬಸ್ ನಿಲ್ದಾಣದಲ್ಲಿ ಮಾಸ್ತರರು ಎದುರಾದರು. ಮುದುಕರಾಗಿದ್ದರು. "ಛಲೋ ಅದೀಯೇನವಾ?" ಎಂದರು. "ಛಲೋ ಅದೇನ್ರಿ," ಎಂದೆ. ಬಸ್ಸು ಬಂತು… ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಗಲಗಲಿಯ ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದೆ. ಕರೆದು ಮುಗಿಸಿದೆ.

ಈಗಲೂ ಮನೆಮಂದಿ ಕೂಡಿದಾಗ ನನ್ನ ತಮ್ಮ ನಗುತ್ತ ಮೊಮ್ಮಕ್ಕಳಿಗೆ ಹೇಳುತ್ತಾನೆ. "ನಿಮ್ಮಜ್ಜಿ ಪಿಯಾನೋದಾಗ ನಪಾಸ್ ಆದಾಕಿ ನೋಡ್ರಿ!" ಮಕ್ಕಳು ನಗುತ್ತವೆ, ನಾನು ಶೇಂಗಾ ಸುಲಿಯುತ್ತಿರುತ್ತೇನೆ. ತಪ್ಪು ನನ್ನ ಕೈಯದಲ್ಲ ಎಂದು ಸಾಕ್ಷಿ ಹೇಳಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅಪ್ಪನ ಮುಂದೆ ಅವರು ನುಂಗಿದ್ದನ್ನು ಇವತ್ತು ನಾನು ಪೂರ್ತಿ ಬರೆದಿದ್ದೇನೆ. ಓದಿ "ಹೌದವಾ, ಖರೆ" ಎನ್ನಬೇಕಾದ ಮನುಷ್ಯ ಇಲ್ಲ.