ಸೀಮೆ ಬಣ್ಣ ನೆಕ್ಕಿದ ನಾಲಗೆ

ಮೊದಲು ನನ್ನ ತುಟಿ ನೀಲಿಯಾಯಿತು.

ಯಾವುದೋ ಬಣ್ಣ ಮೆತ್ತಿರಬೇಕೆಂದು ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಂತಿ. ಸಂಜೆಗೆ ಬಾಯಿ ತುಂಬ ಹುಣ್ಣು.

ಮೊಳಕಾಲ್ಮೂರಿನ ನಮ್ಮ ನೇಕಾರರ ಮನೆಯಲ್ಲಿ ರೇಷ್ಮೆಗೆ ಬಣ್ಣ ಹಾಕುವವಳು ನಾನು. ಅರಗಿನ ಕೆಂಪು ಕುದಿಯುವಾಗ ಬೆರಳದ್ದಿ, ನಾಲಗೆಗೆ ಮುಟ್ಟಿಸಿ, ಬಣ್ಣ ಹಿಡಿಸುವ ಪಟಿಕ ಹದವಾಗಿದೆಯೇ ಎಂದು ನೋಡುವುದು ಅತ್ತೆ ಕಲಿಸಿದ ಪದ್ಧತಿ. ಕೇರಿಯಲ್ಲೆಲ್ಲ ನನ್ನ ನಾಲಗೆಗೆ ಹೆಸರಿತ್ತು. ಓರಗಿತ್ತಿ ಗಂಗವ್ವ ಬರುವವರೆಗೆ.

ಅವಳು ತವರಿನಿಂದ, ಪರದೇಶದಿಂದ ಬರುವ ಸೀಮೆ ಬಣ್ಣದ ಪುಡಿಯ ಡಬ್ಬಿ ತಂದಳು. ಚಮಚದಲ್ಲಿ ಅಳೆದು ಹಾಕಿದಳು, ಕಲಕಿದಳು, ಮುಗಿಯಿತು. ನಾನು ಮೂರು ದಿನ ಒದ್ದಾಡಿ ತೆಗೆಯುವ ಕೆಂಪು ಅವಳಿಗೆ ಅನ್ನ ಬೇಯುವಷ್ಟರಲ್ಲಿ ಬಂತು. ಅತ್ತೆ ಆ ರೇಷ್ಮೆ ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದರು.

"ಎಂಥಾ ಕೆಂಪೈತೆ ನೋಡೇ!"

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಅವಳು ನೀರಿಗೆ ಹೋದಾಗ ಡಬ್ಬಿ ಕದ್ದೆ. ಅವಳಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕಿತ್ತು. ಚಮಚ ಯಾರಿಗೆ ಬೇಕು? ಹತ್ತು ಸಲ ನಾಲಗೆಗೆ ಹಚ್ಚಿ ಹದ ನೋಡಿದೆ.

ಬಾಯಿಯ ಹುಣ್ಣು ಕಂಡು ಗಂಡ ಗಾಡಿ ಕಟ್ಟಿ ಚಳ್ಳಕೆರೆಯ ಡಿಸ್ಪೆನ್ಸರಿಗೆ ಕರೆದೊಯ್ದರು. ಡಾಕ್ಟರು ಬಾಯಿ ನೋಡಿ ಹೌಹಾರಿದರು.

"ಪಾಯಿಸನ್ ನೆಕ್ಕಿದೀಯಲ್ಲಮ್ಮ! ಮಿಕ್ಕ ಬಣ್ಣದ ನೀರು ಎಲ್ಲಿ ಚೆಲ್ಲಿದ್ರಿ?"

"ಹಿತ್ತಲ ಹೊಂಡಕ್ರೀ. ಅಲ್ಲಿ ಕಪ್ಪೆ ಸತ್ತು ತೇಲ್ತಿದ್ವು. ನೀರು ಕುಡಿದ ಕೋಳೀನೂ ಹೋದ್ವು" ಎಂದರು ಗಂಡ.

"ನಾಳೆ ಬಾವಿಗೂ ಇಳೀತೈತೆ. ಆ ಬಣ್ಣ ನಿಲ್ಲಿಸ್ರಿ."

"ನನ್ನ ನಾಲಗೆಗೆ ರುಚಿ ಮತ್ತೆ ಬರ್ತೈತಾ?" ಎಂದೆ.

"ಬಂದ್ರೆ ಬಂತಮ್ಮ. ಜೀವ ಉಳೀತಲ್ಲ."

ಬರಲಿಲ್ಲ.

ತಿಂಗಳುಗಟ್ಟಲೆ ಗಂಜಿ ಕುಡಿಸಿದವಳು ಗಂಗವ್ವನೇ. "ನನ್ನಿಂದಾನೇ ಆಯ್ತಕ್ಕಾ" ಎಂದು ಅಳುತ್ತಿದ್ದಳು. ಅವಳ ಗುಲಾಬಿ ನಾಲಗೆ ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಹದ ನೋಡಲು ಬಾರದ್ದಕ್ಕೇ ಅವಳು ಪಾರಾದಳು. ಬಂದದ್ದಕ್ಕೇ ನಾನು ಕೆಟ್ಟೆ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಅತ್ತೆ ಡಬ್ಬಿಯನ್ನು ಮನೆಯಿಂದ ಹೊರಗೆ ಹಾಕಿಸಿದರು. ಮತ್ತೆ ಅರಗಿನ ಹಂಡೆ ಒಲೆಯೇರಿತು. ಬೆರಳದ್ದಿ ನಾಲಗೆಗಿಟ್ಟೆ. ಮರ ನೆಕ್ಕಿದ ಹಾಗಾಯಿತು. ಒಲೆ ಉರಿಯುತ್ತಿತ್ತು, ರೇಷ್ಮೆ ಕಾಯುತ್ತಿತ್ತು. ಸುಳ್ಳು ಹೇಳಿ ಹದ ಕೆಡಿಸಿಬಿಡೋಣ ಎಂದೂ ಅನ್ನಿಸಿತು.

"ಬಾರೇ ಇಲ್ಲಿ" ಎಂದು ಗಂಗವ್ವನನ್ನು ಕರೆದೆ. "ಬಾಯಿ ಒಗರಾಗ್ಬೇಕು. ಹಲ್ಲು ಜುಮ್ ಅನ್ಬಾರ್ದು."

ಅವಳು ಕಣ್ಣು ಮುಚ್ಚಿ ರುಚಿ ನೋಡಿದಳು. "ಇನ್ನೊಂಚೂರು ಪಟಿಕ ಬೇಕಕ್ಕಾ."

ಹಾಕಿದೆ. ನನ್ನ ಮೊದಲಿನ ಕೆಂಪೇ ಬಂತು. ಅತ್ತೆ ಹೊಗಳಿದ್ದು ಅವಳನ್ನು.

ಬದುಕಿದ್ದೇನೆ. ದಿನಾ ದೇವರಿಗೆ ಕೈಮುಗಿಯುತ್ತೇನೆ. ಆದರೆ ಅವಳು ಹಂಡೆಗೆ ಬೆರಳದ್ದುವಾಗ ಮಾತ್ರ ಸೌದೆ ತರುವ ನೆಪ ಮಾಡಿ ಹೊರಗೆ ಹೋಗುತ್ತೇನೆ.