ಸೈಪ್ರಸ್ಸಿನ ಮೂರನೆಯ ಮನೆ

ಟೊರಾಂಟೋ ಪಕ್ಕದ ಸ್ಕಾರ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಆ ಇಬ್ಬರು ಹೆಂಗಸರನ್ನು ಮೊದಲ ಸಲ ಕಂಡಾಗ ಅವರು ಜಗಳವಾಡುತ್ತಿದ್ದರು. ಅಕ್ಕತಂಗಿಯರೇ ಇರಬೇಕು ಎಂದುಕೊಂಡೆ. ಹೊರಗಿನವರ ಜೊತೆ ಯಾರೂ ಅಷ್ಟು ಸಲಿಗೆಯಿಂದ ಜಗಳವಾಡುವುದಿಲ್ಲ. ಒಬ್ಬಾಕೆ ಎತ್ತರದ ಆಳು, ಮೈತುಂಬ ಕಪ್ಪು ಬಟ್ಟೆ. ಇನ್ನೊಬ್ಬಾಕೆ ಗಿಡ್ಡಕ್ಕೆ, ದುಂಡಗೆ, ತಲೆಗೊಂದು ಹೂವಿನ ಸ್ಕಾರ್ಫು. ಯಾವ ಭಾಷೆಯೋ ತಿಳಿಯಲಿಲ್ಲ, ಆದರೆ ಡ್ರೈಯರಿನಲ್ಲಿ ಯಾರ ಬಟ್ಟೆ ಮೊದಲು ಎಂಬುದೇ ವಿಷಯ ಎಂದು ತಿಳಿಯಲು ಭಾಷೆಯ ಅಗತ್ಯವಿರಲಿಲ್ಲ.

ಅದು ತೊಂಬತ್ತರ ದಶಕದ ಶುರು. ನಾನು ಮೈಸೂರಿನಿಂದ ಬಂದು ಇನ್ನೂ ಒಂದು ಚಳಿಗಾಲವನ್ನೂ ಪೂರ್ತಿ ಕಂಡಿರಲಿಲ್ಲ. ಸಿಕ್ಕಸಿಕ್ಕವರೆಲ್ಲ "ನೀನು ಯಾವ ದೇಶದವಳು" ಎಂದು ಕೇಳುತ್ತಿದ್ದುದರಿಂದ ನನಗೂ ಆ ಚಾಳಿ ಅಂಟಿಕೊಂಡಿತ್ತು. ಕೇಳಿಯೇಬಿಟ್ಟೆ. ಗ್ರೀಕರಾ? ಎತ್ತರದಾಕೆ ಇಲ್ಲವೆಂದು ತಲೆಯಾಡಿಸಿದಳು. ಹಾಗಾದರೆ ಟರ್ಕಿಯವರಾ? ಈ ಸಲ ಗಿಡ್ಡನೆಯಾಕೆ ತಲೆಯಾಡಿಸಿದಳು. "ಸೈಪ್ರಸ್" ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಮತ್ತೆ ಡ್ರೈಯರಿನ ಜಗಳಕ್ಕೆ ಹೋದರು.

ಸೈಪ್ರಸ್ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದ ಮೇಲೆ ಗೊತ್ತಾಯಿತು. ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ದ್ವೀಪ. ಅದರಲ್ಲಿ ಗ್ರೀಕ್ ಮಾತಾಡುವ ಕ್ರೈಸ್ತರು, ಟರ್ಕಿಶ್ ಮಾತಾಡುವ ಮುಸ್ಲಿಮರು. ಎಪ್ಪತ್ತರ ದಶಕದ ಯುದ್ಧದಲ್ಲಿ ದ್ವೀಪದ ನಡುವೆ ಮುಳ್ಳುತಂತಿ ಬಿತ್ತು. ಉತ್ತರ ಟರ್ಕಿಶ್ ಮಾತಿನವರಿಗೆ, ದಕ್ಷಿಣ ಗ್ರೀಕ್ ಮಾತಿನವರಿಗೆ. ಎತ್ತರದಾಕೆ ಗ್ರೀಕ್ ಮಾತಾಡುವವಳು, ಆಕೆಯ ಮನೆ ಉತ್ತರದಲ್ಲಿತ್ತು, ಉಟ್ಟ ಬಟ್ಟೆಯಲ್ಲಿ ದಕ್ಷಿಣಕ್ಕೆ ಓಡಿಬಂದಳು. ಗಿಡ್ಡನೆಯಾಕೆ ಟರ್ಕಿಶ್ ಮನೆಮಾತಿನವಳು, ಆಕೆಯ ಮನೆ ದಕ್ಷಿಣದಲ್ಲಿತ್ತು, ಉತ್ತರಕ್ಕೆ ಹೋಗಬೇಕಾಯಿತು. ಇಬ್ಬರ ಮನೆಯಲ್ಲೂ ಈಗ ಬೇರೆಯವರ ಒಲೆ ಉರಿಯುತ್ತಿತ್ತು. ಅಲ್ಲಿ ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ. ಟೊರಾಂಟೋದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮಷೀನಿಗೆ ಕೂತಾಗ ಪರಿಚಯವಾದದ್ದು. ಗಿಡ್ಡನೆಯಾಕೆಗೆ ಹಳ್ಳಿಯ ಗ್ರೀಕ್ ಸಲೀಸಾಗಿ ಬರುತ್ತಿತ್ತು, ಎತ್ತರದಾಕೆಗೆ ಟರ್ಕಿಶ್ ಅರೆಬರೆ. ಹಾಗಾಗಿ ಮಾತೆಲ್ಲ ಗ್ರೀಕಿನಲ್ಲಿ, ಬೈಗುಳ ಟರ್ಕಿಶ್‌ನಲ್ಲಿ.

ನಾನು ಎತ್ತರದಾಕೆಯನ್ನು ದೊಡ್ಡಮ್ಮ, ಗಿಡ್ಡನೆಯಾಕೆಯನ್ನು ಚಿಕ್ಕಮ್ಮ ಎಂದು ಕರೆಯತೊಡಗಿದೆ. ಅರ್ಥ ಹೇಳಿದಾಗ ಚಿಕ್ಕಮ್ಮ ಮುನಿಸಿಕೊಂಡಳು. ವಯಸ್ಸಿನಲ್ಲಿ ತಾನೇ ದೊಡ್ಡವಳಂತೆ. ಆದರೂ ಹೆಸರು ಹಾಗೇ ಉಳಿಯಿತು.

ಅವರಿಬ್ಬರ ಗೆಳೆತನ ನಿಂತದ್ದು ಹಾಲಿನ ಮೇಲೆ. ಆ ದ್ವೀಪದ ಹಳ್ಳಿಗಳಲ್ಲಿ ಹಾಲಿನ ಸರದಿ ಎಂದು ಒಂದು ಪದ್ಧತಿಯಿತ್ತಂತೆ. ಒಂದೊಂದು ಮನೆಯ ಆಡು ಕೊಡುವ ಹಾಲು ಒಂದು ಸಣ್ಣ ಪಾತ್ರೆಗೂ ಸಾಲದು. ಅದಕ್ಕೆ ಓಣಿಯ ಮನೆಗಳವರೆಲ್ಲ ಇವತ್ತು ಒಬ್ಬಳಿಗೆ, ನಾಳೆ ಇನ್ನೊಬ್ಬಳಿಗೆ ಎಂದು ತಮ್ಮ ಹಾಲನ್ನೆಲ್ಲ ಸುರಿದುಬಿಡುತ್ತಿದ್ದರು. ಯಾರ ಸರದಿಯೋ ಅವರ ಮನೆಯಲ್ಲಿ ಎಲ್ಲರೂ ಸೇರಿ ಗಿಣ್ಣು, ಅಂದರೆ ಚೀಸ್, ಮಾಡುತ್ತಿದ್ದರು. ಮಾಡಿದ್ದೆಲ್ಲ ಸರದಿಯ ಮನೆಗೇ ಸೇರಬೇಕು, ಉಳಿದವರು ಒಡೆದ ಹಾಲಿನ ಬಿಸಿ ತಿಳಿನೀರು ಒಂದು ಲೋಟ ಕುಡಿದು ಹೊರಡಬೇಕು. ಆ ಗಿಣ್ಣಿಗೆ ಗ್ರೀಕಿನಲ್ಲಿ ಹಲ್ಲೂಮಿ, ಟರ್ಕಿಶ್‌ನಲ್ಲಿ ಹೆಲ್ಲಿಮ್. ಬಾಣಲೆಯಲ್ಲಿ ಹುರಿದರೂ ಕರಗದ ಗಟ್ಟಿ ಗಿಣ್ಣು.

ಅವರು ಅದನ್ನೇ ಸ್ಕಾರ್‌ಬರೋದಲ್ಲಿ ಮತ್ತೆ ಶುರುಮಾಡಿದ್ದರು. ಇಲ್ಲಿ ಆಡೂ ಇಲ್ಲ, ಓಣಿಯೂ ಇಲ್ಲ. ಅಂಗಡಿಯ ಹಾಲು ಎಷ್ಟು ಬೇಕಾದರೂ ಸಿಗುವಾಗ ಸರದಿ ಯಾಕೆ ಎಂದು ನಾನು ಕೇಳಿದ್ದಕ್ಕೆ ದೊಡ್ಡಮ್ಮ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಒಬ್ಬಳೇ ಮಾಡಿದ್ರೆ ಅದು ಅಡುಗೆ ಅಷ್ಟೇ" ಎಂದಳು. ಇಬ್ಬರಿಂದ ಸರದಿ ಚೆನ್ನಾಗಿ ಓಡುತ್ತಿರಲಿಲ್ಲವಂತೆ. ಮೂರನೆಯ ಮನೆಯಾಗಿ ನನ್ನನ್ನು ಎಳೆದುಕೊಂಡರು.

ಮೊದಲ ದಿನವೇ ಎಡವಟ್ಟಾಯಿತು. ಹಾಲನ್ನು ಗಟ್ಟಿ ಮಾಡುವ ಪುಡಿ ಕರುವಿನ ಹೊಟ್ಟೆಯಿಂದ ತೆಗೆದದ್ದು ಎಂದು ಕೇಳಿ ನಾನು ಚಮಚ ಕೆಳಗಿಟ್ಟು ಮನೆಗೆ ಎದ್ದುಬಂದೆ. ಅವರಿಗೆ ಏನನ್ನೂ ಬಿಡಿಸಿ ಹೇಳಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಕಾರಣ ತಾನೇ ಊಹಿಸಿಕೊಂಡ ಚಿಕ್ಕಮ್ಮ ಮುಂದಿನ ವಾರ ಬಾಗಿಲು ತಟ್ಟಿ, ಸಸ್ಯಾಹಾರಿಗಳಿಗೆಂದೇ ಮಾಡಿದ ಪುಡಿಯ ಡಬ್ಬಿ ತೋರಿಸಿದಳು. ನನ್ನ ಸರದಿಗೆ ಮಾತ್ರವಲ್ಲ, ಆಮೇಲೆ ಮೂರು ಮನೆಯ ಸರದಿಗೂ ಅದೇ ಪುಡಿ. ಪಾತ್ರೆ ಒಂದಾದ ಮೇಲೆ ಪುಡಿ ಬೇರೆ ಯಾಕೆ ಎಂದಳು. ಅವತ್ತಿನಿಂದ ನಾನು ಒಂದು ಸರದಿಯನ್ನೂ ತಪ್ಪಿಸಲಿಲ್ಲ.

ಒಡೆದ ಹಾಲನ್ನು ಬಟ್ಟೆಯಲ್ಲಿ ಒತ್ತಿ, ತುಂಡು ಮಾಡಿ, ಅದರದೇ ತಿಳಿಯಲ್ಲಿ ಕುದಿಸಿ, ಬಿಸಿಯಿರುವಾಗಲೇ ಉಪ್ಪು ಮತ್ತು ಒಣಪುದೀನ ಉದುರಿಸಿ ದೋಸೆಯಂತೆ ಮಡಿಸಬೇಕು. ಬೆರಳು ಸುಡುತ್ತದೆ. ಉಪ್ಪಿನ ಅಳತೆಗೆ ಪ್ರತಿ ಸಲವೂ ರಂಪ. ನನ್ನ ಮಗಳು ಶಾಲೆಯಿಂದ ಬಂದು ಒಂದು ತುಂಡು ಬಾಯಿಗೆ ಹಾಕಿಕೊಂಡು, ಅದು ಹಲ್ಲಿನಡಿ ಕೀಚ್ ಎಂದಾಗ "ಮಾಮ್, ದಿಸ್ ಪನೀರ್ ಸ್ಕ್ವೀಕ್ಸ್" ಎಂದು ನಗುತ್ತಿದ್ದಳು. ಇಬ್ಬರು ಅಜ್ಜಿಯರ ಕೈಯಿಂದಲೂ ಅವಳಿಗೆ ಒಟ್ಟಿಗೇ ಇನ್ನೊಂದು ತುಂಡು ಸಿಗುತ್ತಿತ್ತು.

ಹೀಗೆ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಎರಡು ಸಾವಿರದ ಮೂರರಲ್ಲಿ, ಆ ದ್ವೀಪದ ಮುಳ್ಳುತಂತಿಯ ಗೇಟು ತೆಗೆದರು, ಈ ಕಡೆಯವರು ಆ ಕಡೆ ಹೋಗಿ ಬರಬಹುದು ಎಂದು ಟಿವಿಯಲ್ಲಿ ಬಂತು. ಇಬ್ಬರೂ ನಮ್ಮ ಸೋಫಾದಲ್ಲಿ ಕೂತು ನೋಡಿದರು. ಮುದುಕ ಮುದುಕಿಯರು ತಮ್ಮ ಹಳೇ ಮನೆಯ ಬಾಗಿಲು ತಟ್ಟುವುದನ್ನು ಕಂಡು ದೊಡ್ಡಮ್ಮ ಅತ್ತಳು. ಚಿಕ್ಕಮ್ಮ ಅಳಲಿಲ್ಲ, ದೊಡ್ಡಮ್ಮನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಆ ವರ್ಷದ ಅಕ್ಟೋಬರಿನಲ್ಲಿ ನಮ್ಮ ಕಮ್ಯುನಿಟಿ ಸೆಂಟರಿನಲ್ಲಿ ಎಲ್ಲ ದೇಶಗಳ ಹಬ್ಬ. ಒಂದೊಂದು ದೇಶಕ್ಕೆ ಒಂದೊಂದು ಟೇಬಲ್. ನಾನು ಅಲ್ಲಿ ಸ್ವಯಂಸೇವಕಿ. ಪ್ರತಿ ವರ್ಷವೂ ದೊಡ್ಡಮ್ಮನ ಗಿಣ್ಣು ಗ್ರೀಸ್ ಟೇಬಲ್ಲಿಗೆ ಹೋಗುತ್ತಿತ್ತು, ಚಿಕ್ಕಮ್ಮನದು ಟರ್ಕಿ ಟೇಬಲ್ಲಿಗೆ. ಒಂದೇ ಪಾತ್ರೆಯ ಗಿಣ್ಣು ಸಭಾಂಗಣದ ಎರಡು ಮೂಲೆಯಲ್ಲಿ ಎರಡು ದೇಶದ್ದಾಗುತ್ತಿತ್ತು. ಆ ಸಲ ದೊಡ್ಡಮ್ಮ ಕೊಡುವುದಿಲ್ಲ ಎಂದುಬಿಟ್ಟಳು. "ಅಲ್ಲಿ ಗೇಟು ತೆಗೆದಿದ್ದಾರೆ. ಇಲ್ಲಿ ನಮ್ಮ ದೇಶಕ್ಕೆ ಒಂದು ಟೇಬಲ್ ಇಲ್ವಾ?"

ವಿಷಯ ಹರಡಲು ಹೊತ್ತಾಗಲಿಲ್ಲ. ದೊಡ್ಡಮ್ಮನ ಚರ್ಚಿನ ಮಹಿಳಾ ಕ್ಲಬ್ಬಿನ ಒಬ್ಬಾಕೆ ಪ್ರತಿ ಭಾನುವಾರ ಆಕೆಯನ್ನು ಕಾರಿನಲ್ಲಿ ಚರ್ಚಿಗೆ ಕರೆದೊಯ್ಯುತ್ತಿದ್ದಳು. ಆಕೆಯೂ ಸೈಪ್ರಸ್ಸಿನವಳೇ, ದಕ್ಷಿಣದವಳು, ಯುದ್ಧದಲ್ಲಿ ತಮ್ಮನನ್ನು ಕಳೆದುಕೊಂಡವಳು. ಆಕೆ ಫೋನು ಮಾಡಿ, ಟರ್ಕಿಶ್ ಹೆಂಗಸಿನ ಜೊತೆ ಟೇಬಲ್ ಹಾಕಿದರೆ ಭಾನುವಾರಕ್ಕೆ ಬೇರೆ ಕಾರು ನೋಡಿಕೋ ಎಂದಳಂತೆ. ಇದು ಸಣ್ಣ ಮಾತಲ್ಲ. ದೊಡ್ಡಮ್ಮನ ಮಂಡಿ ಹೋಗಿತ್ತು. ತೀರಿಕೊಂಡ ಗಂಡನ ಹೆಸರಿನಲ್ಲಿ ಪ್ರತಿ ಭಾನುವಾರ ಆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬರುವುದೊಂದೇ ಆಕೆ ಮನೆಯಿಂದ ಹೊರಗೆ ಹೋಗುತ್ತಿದ್ದ ಕೆಲಸ. ನಮ್ಮ ಹಳೇ ಕಾರಿನಲ್ಲಿ ನಾನೇ ಸಂತೋಷವಾಗಿ ಕರೆದೊಯ್ಯುತ್ತಿದ್ದೆ, ಆದರೆ ಭಾನುವಾರ ಔಷಧಿ ಅಂಗಡಿಯಲ್ಲಿ ನನ್ನ ಶಿಫ್ಟು, ಕಾರು ಅಲ್ಲಿರುತ್ತಿತ್ತು.

ಚಿಕ್ಕಮ್ಮನೇ ಹಿಂದೆ ಸರಿಯಲು ನೋಡಿದಳು. "ಬೇಡ ಬಿಡು. ನಿನ್ನ ಗಂಡನಿಗೆ ದೀಪ ತಪ್ಪಬಾರದು" ಎಂದಳು. ದೊಡ್ಡಮ್ಮ ಕೇಳಲಿಲ್ಲ. "ಅವನು ಆ ಮುಳ್ಳುತಂತಿಗೆ ಶಾಪ ಹಾಕ್ತಾನೇ ಸತ್ತ. ನಾನು ಇಲ್ಲಿ ಬಂದು ಇನ್ನೊಂದು ಬೇಲಿ ಹಾಕ್ಲಾ?"

ಕಮಿಟಿಯಲ್ಲಿ ಒಂದು ನಿಯಮವಿತ್ತು. ಟೇಬಲ್ ಬೇಕಾದರೆ ಆ ದೇಶದ ಕನಿಷ್ಠ ಮೂರು ಮನೆಗಳಿರಬೇಕು. ಕಮಿಟಿಯ ಹಿರಿಯ, ರಿಟೈರಾದ ಮೇಷ್ಟ್ರು, ಮೂರನೆಯ ಮನೆ ಯಾವುದು ಎಂದು ಕೇಳಿದಾಗ ಇಬ್ಬರೂ ಒಂದಿಷ್ಟೂ ಅನುಮಾನವಿಲ್ಲದೆ ನನ್ನತ್ತ ಕೈ ತೋರಿಸಿದರು. ತಮಾಷೆಗಲ್ಲ. ಯಾರ ಹಾಲು ಪಾತ್ರೆಗೆ ಬಿತ್ತೋ ಅವರು ಓಣಿಯವರು ಎಂಬುದು ಅವರ ಲೆಕ್ಕ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ನೀವು ಇಂಡಿಯಾ ಟೇಬಲ್ಲಿನವರಲ್ಲವಾ?" ಎಂದರು.

"ಈ ವರ್ಷ ಸೈಪ್ರಸ್" ಎಂದೆ. ಹೇಳುವಾಗ ನನಗೆ ನಗು ಬರಲಿಲ್ಲ. ನಿಜ ಹೇಳುತ್ತೇನೆ, ಎದೆಯುಬ್ಬಿತ್ತು.

ಮೇಷ್ಟ್ರು ನಕ್ಕು, ಕೋಟು ನೇತುಹಾಕುವ ಜಾಗದ ಪಕ್ಕದಲ್ಲಿ ಒಂದು ಪುಟ್ಟ ಟೇಬಲ್ ಕೊಟ್ಟರು. ಮನೆಯಲ್ಲಿ ಮಾತ್ರ ಮಂಗಳಾರತಿ ಕಾದಿತ್ತು. ನಮ್ಮ ಕನ್ನಡದವರ ಗುಂಪಿನಿಂದ ಆಗಲೇ ಫೋನು ಬಂದಿತ್ತು.

"ಏನೇ, ನಿಂಗೆ ಯಾವಾಗ ಸೈಪ್ರಸ್ ಸಿಟಿಜನ್‌ಷಿಪ್ ಸಿಕ್ತು?" ಎಂದರು ನನ್ನವರು. "ಇಂಡಿಯಾ ಟೇಬಲಲ್ಲಿ ಬಿಸಿಬೇಳೆಬಾತ್ ಬಡಿಸೋರು ಯಾರೂ ಇಲ್ವಂತೆ."

"ನೀವೇ ಬಡಿಸಿ. ಕೈಗೇನಾಗಿದೆ?" ಎಂದೆ.

ಪಾಪ, ಬಡಿಸಿದರು. ಏಪ್ರನ್ ಕಟ್ಟಿಕೊಂಡು ಇಡೀ ಮಧ್ಯಾಹ್ನ ನಿಂತಿದ್ದರು.

ಟೇಬಲ್ಲಿಗೆ ಯಾವ ಬಾವುಟ ಎಂದು ಮಗಳು ಕೇಳಿದಳು. ಚಿಕ್ಕಮ್ಮ "ಬಾವುಟ ಬೇಡ, ಬಾಣಲೆ ಸಾಕು" ಎಂದಳು. ಹಾಗೇ ಮಾಡಿದೆವು. ಕರೆಂಟಿನ ಒಲೆಯ ಮೇಲೆ ಗಿಣ್ಣು ಹುರಿಯತೊಡಗಿದಾಗ ಇಡೀ ಸಭಾಂಗಣಕ್ಕೆ ಪುದೀನದ ವಾಸನೆ ಹಬ್ಬಿತು. ಆದರೆ ಮೊದಲ ಒಂದು ಗಂಟೆ ಗ್ರೀಸ್ ಟೇಬಲ್ಲಿನವರೂ ಟರ್ಕಿ ಟೇಬಲ್ಲಿನವರೂ ಈ ಕಡೆ ಕಣ್ಣೆತ್ತಿ ನೋಡಲಿಲ್ಲ. ಕಾರಿನ ಹೆಂಗಸು ಎರಡು ಸಲ ಕೋಟಿನ ಹತ್ತಿರ ಬಂದು ನಾವು ಗಾಜೋ ಎಂಬಂತೆ ನಮ್ಮಾಚೆಗೆ ನೋಡುತ್ತ ಹೋದಳು.

ಕೊನೆಗೆ ಟರ್ಕಿ ಟೇಬಲ್ಲಿನಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಒಂದು ತುಂಡು ತಿಂದ. ಇನ್ನೊಂದಕ್ಕೆ ಕೈಚಾಚುತ್ತ ದೊಡ್ಡಮ್ಮನ ಜೊತೆ ಗ್ರೀಕಿನಲ್ಲಿ ಮಾತು ತೆಗೆದ. ಅವನೂ ಆ ದ್ವೀಪದವನೇ, ಇಷ್ಟು ವರ್ಷ ಆ ಮೂಲೆಯಲ್ಲಿ ಕೂತಿದ್ದ. ಅವನನ್ನು ಕಂಡು ಗ್ರೀಸ್ ಟೇಬಲ್ಲಿನಿಂದ ಒಂದು ಜೋಡಿ ಎದ್ದುಬಂತು. ಆಮೇಲೆ ಇನ್ನಷ್ಟು ಜನ. ಎಲ್ಲರೂ ಬರಲಿಲ್ಲ, ಕಾರಿನ ಹೆಂಗಸಂತೂ ಬರಲಿಲ್ಲ. ಆದರೂ ಕೋಟುಗಳ ಪಕ್ಕದಲ್ಲಿ ಒಂದು ಸಣ್ಣ ಗುಂಪು ನಿಂತುಕೊಂಡು ಎರಡು ಭಾಷೆಯಲ್ಲಿ ಉಪ್ಪು ಜಾಸ್ತಿಯಾಯಿತೋ ಕಡಿಮೆಯೋ ಎಂದು ಜಗಳವಾಡಿತು. ಹಾದುಹೋಗುತ್ತಿದ್ದ ಹುಡುಗಿಯೊಬ್ಬಳು ಇದು ಗ್ರೀಕ್ ಚೀಸಾ, ಟರ್ಕಿಶ್ ಚೀಸಾ ಎಂದಾಗ ಅಷ್ಟೂ ಜನ ಒಟ್ಟಿಗೆ "ಸೈಪ್ರಸ್" ಎಂದರು. ಇಂಡಿಯಾ ಟೇಬಲ್ಲಿನಿಂದ ನನ್ನವರು ಸೌಟು ಹಿಡಿದುಕೊಂಡೇ ತಿರುಗಿ ನೋಡಿದರು. ಅಂಥ ಗರ್ವ ನನಗೆ ನನ್ನ ಮಗಳ ಪದವಿಯ ದಿನವೂ ಆಗಲಿಲ್ಲ.

ಮುಂದಿನ ಭಾನುವಾರ ಕಾರು ಬರಲಿಲ್ಲ. ಹೇಳಿದ್ದನ್ನು ಆ ಹೆಂಗಸು ಮಾಡಿ ತೋರಿಸಿದಳು. ಬೆಳಿಗ್ಗೆ ಶಿಫ್ಟಿಗೆ ಹೊರಟಾಗ ನಾನು ಕಂಡದ್ದು ಇದು: ಬಸ್ ಸ್ಟಾಪಿನಲ್ಲಿ ಕಪ್ಪು ಕೋಟಿನ ದೊಡ್ಡಮ್ಮ, ಆಕೆಯ ತೋಳು ಹಿಡಿದುಕೊಂಡು ಹೂವಿನ ಸ್ಕಾರ್ಫಿನ ಚಿಕ್ಕಮ್ಮ. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಚಿಕ್ಕಮ್ಮ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ಮೇಲೆ ಮತ್ತೆ ತೋಳು ಹಿಡಿದು ಕರೆತರುತ್ತಿದ್ದಳು. ಆ ಭಾನುವಾರ, ಅದರ ಮುಂದಿನದು, ಹಿಮ ಬೀಳಲು ಶುರುವಾದ ಮೇಲೂ.

ಡಿಸೆಂಬರಿನಲ್ಲಿ ಒಂದು ಭಾನುವಾರ ನನಗೆ ರಜೆ ಸಿಕ್ಕಿತು. ನಾನೇ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ದೆ. ಚರ್ಚಿನ ಬಾಗಿಲಲ್ಲಿ ಕಾರಿನ ಹೆಂಗಸು ನಿಂತಿದ್ದಳು. ಅಷ್ಟು ವಾರ ನೋಡಿಯೂ ನೋಡದಂತೆ ಇದ್ದವಳು ಅವತ್ತು ಚಿಕ್ಕಮ್ಮನ ಎದುರು ಬಂದು, ಹೊರಗಿನವರ ಜೊತೆ ಮಾತಾಡುವ ಇಂಗ್ಲಿಷಿನಲ್ಲಿ, ನಿನಗೆ ಇಲ್ಲೇನು ಕೆಲಸ ಎಂದಳು.

ಚಿಕ್ಕಮ್ಮ ಗ್ರೀಕಿನಲ್ಲಿ ಉತ್ತರ ಕೊಟ್ಟಳು. ನಿಧಾನವಾಗಿ, ಕೋಪವಿಲ್ಲದೆ. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಆ ಹೆಂಗಸಿನ ಮುಖ ಬದಲಾದದ್ದು ಕಾಣಿಸಿತು. ಆಕೆ ಏನೋ ಕೇಳಿದಳು, ಚಿಕ್ಕಮ್ಮ ಒಂದು ಊರಿನ ಹೆಸರು ಹೇಳಿದಳು. ಆಕೆ ಮತ್ತೆ ಕೇಳಿದಳು. ಒಳಗೆ ಪ್ರಾರ್ಥನೆ ಶುರುವಾದರೂ ಅವರಿಬ್ಬರೂ ಬಾಗಿಲಲ್ಲೇ ನಿಂತಿದ್ದರು.

ಮನೆಗೆ ಮರಳುವ ದಾರಿಯಲ್ಲಿ ದೊಡ್ಡಮ್ಮ ನನಗೆ ಬಿಡಿಸಿ ಹೇಳಿದಳು. ಚಿಕ್ಕಮ್ಮ ಹೇಳಿದ್ದು ಇಷ್ಟೇ: ಇವಳ ಮಂಡಿ ನೋವು, ನಾನು ಕೈಹಿಡಿಯಲು ಬಂದಿದ್ದೇನೆ. ಆದರೆ ಹೇಳಿದ ಗ್ರೀಕ್ ದಕ್ಷಿಣದ ಆ ಒಂದು ಕಣಿವೆಯ ಗ್ರೀಕ್, ಅಲ್ಲಿ ಹುಟ್ಟಿದವರಿಗೆ ಮಾತ್ರ ಬರುವಂಥದ್ದು. ಕಾರಿನ ಹೆಂಗಸು ಅದೇ ಕಣಿವೆಯವಳು. ಇಬ್ಬರ ಊರಿನ ನಡುವೆ ಅರ್ಧ ಗಂಟೆಯ ದಾರಿ. ಉತ್ತರದ ದೊಡ್ಡಮ್ಮನಿಗೆ ಆ ಕಡೆಯ ಮಾತು ಇವತ್ತಿಗೂ ಬಾಯಿಗೆ ಹತ್ತುವುದಿಲ್ಲ.

ನನ್ನ ಮುಂದಿನ ಸರದಿಯ ದಿನ ದೊಡ್ಡಮ್ಮ ಗಿಣ್ಣು ಒತ್ತುತ್ತ ಗೊಣಗಲು ಶುರುಮಾಡಿದಳು. ಭಾನುವಾರ ಆ ಹೆಂಗಸಿನ ಕಾರು ಬಂದಿತ್ತಂತೆ, ಇಬ್ಬರಿಗೂ.

"ಗಂಡ ಹೋದಾಗಿಂದ ಅವಳ ಕಾರಲ್ಲಿ ಮುಂದಿನ ಸೀಟು ನಂದು" ಎಂದಳು. "ಈಗ ನಂಗೆ ಹಿಂದೆ ಕೂತ್ಕೋ ಅಂತಾಳೆ. ಮುಂದಿನ ಸೀಟು ಇವಳಿಗಂತೆ. ಅವರವರು ಒಂದೇ ಊರಿನ ಕಡೆಯೋರಂತೆ, ಮಾತಾಡ್ಬೇಕಂತೆ."